ಇಬ್ಬರು, ಎರಡು ಫೋನ್, ಒಂದು ಫೈನಲ್

ಸ್ಕ್ರೀನ್ ಮೇಲೆ ಎರಡು ಫೋನ್ ಕಾಣ್ತಿದೆ ನೋಡಿ. ಎರಡರಲ್ಲೂ ಒಂದೊಂದು ಟಿಕೆಟ್. ಯುರೋಪಿನ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್‌ಗೆ ಗೆಳೆಯರಿಬ್ಬರು ಹೊರಟರೆ ಸಾಮಾನ್ಯವಾಗಿ ಒಬ್ಬರೇ ಟಿಕೆಟ್ ತಗೋತಾರೆ, ಎರಡನ್ನೂ ತಮ್ಮ ಫೋನ್‌ನಲ್ಲೇ ಇಟ್ಕೋತಾರೆ. ಗೇಟ್ ಹತ್ರ ಪರದಾಟ ಶುರುವಾಗೋದೇ ಇಲ್ಲಿಂದ. ಅದಕ್ಕೆ ಆಮೇಲೆ ಬರೋಣ, ಮೊದಲು ಟಿಕೆಟ್ ಕೈಗೆ ಬರೋ ದಾರಿ.

ಫೈನಲ್ ಟಿಕೆಟ್‌ಗಳಲ್ಲಿ ದೊಡ್ಡ ಪಾಲು ಎರಡು ತಂಡಗಳ ಅಭಿಮಾನಿಗಳಿಗೇ ಹೋಗುತ್ತೆ. 2025ರ ಮ್ಯೂನಿಕ್ ಫೈನಲ್‌ನಲ್ಲಿ ತಲಾ 18,000 ಅವರಿಗೇ ಮೀಸಲಾಗಿತ್ತು. ಉಳಿದದ್ದರಲ್ಲಿ ಪ್ರಾಯೋಜಕರು, ಫುಟ್‌ಬಾಲ್ ಸಂಸ್ಥೆಗಳು, ಪ್ರಸಾರದವರು ಎಲ್ಲರಿಗೂ ಹಂಚಿ, ಸಾರ್ವಜನಿಕರಿಗೆ ಸಿಗೋದು ಚೂರುಪಾರು. ಅದಕ್ಕೆ ಟೂರ್ನಿ ನಡೆಸೋ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ತನ್ನ ಟಿಕೆಟ್ ಪೋರ್ಟಲ್‌ನಲ್ಲಿ ಲಾಟರಿ ಎತ್ತುತ್ತೆ. ಮೊದಲು ಅರ್ಜಿ ಹಾಕಿದ್ರೆ ಮೊದಲು ಸಿಗುತ್ತೆ ಅಂತೇನಿಲ್ಲ, ಕೊನೇ ದಿನ ಹಾಕಿದ್ರೂ ಅವಕಾಶ ಅಷ್ಟೇ. ಇಬ್ಬರೂ ತಮ್ಮ ತಮ್ಮ ಹೆಸರಲ್ಲಿ ಬೇರೆ ಬೇರೆ ಅರ್ಜಿ ಹಾಕಿ. ಒಬ್ಬರೇ ಎರಡು ಖಾತೆ ಮಾಡೋಕೆ ಹೋಗ್ಬೇಡಿ, ಅರ್ಜಿಗಳೇ ರದ್ದಾಗಬಹುದು. ಲಾಟರಿ ಬಂದ್ರೆ ನೀವು ಕೊಟ್ಟ ಕಾರ್ಡ್‌ನಿಂದ ದುಡ್ಡು ತಾನಾಗೇ ಕಡಿತ ಆಗುತ್ತೆ. ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ಆನ್ ಇಲ್ಲದಿದ್ರೆ, ಮಿತಿ ಕಡಿಮೆ ಇದ್ರೆ, ಅವಧಿ ಮುಗಿದಿದ್ರೆ, ಬಂದ ಟಿಕೆಟ್ ಬಂದ ಹಾಗೇ ಹೋಗುತ್ತೆ. ಫಲಿತಾಂಶ ಬರೋ ಮೊದಲೇ ಬ್ಯಾಂಕ್ ಆ್ಯಪ್ ತೆಗೆದು ಈ ಮೂರನ್ನೂ ನೋಡ್ಕೊಳ್ಳಿ.

ಮರುಮಾರಾಟದ ಸೈಟ್‌ನಲ್ಲಿ ಸಿಗೋ ಟಿಕೆಟ್ ಬೇಡವೇ ಬೇಡ. ವಿಮಾನ, ಹೋಟೆಲ್ ಎಲ್ಲಾ ಖರ್ಚಾಗಿ ಗೇಟ್‌ನಲ್ಲಿ ಟಿಕೆಟ್ ನಡೆಯದೆ ಕೆಂಪು ದೀಪ ಬಿದ್ರೆ ಅದಕ್ಕೆ ಪರಿಹಾರವೇ ಇಲ್ಲ.

ಇನ್ನು ವೀಸಾ. ಪಂದ್ಯ ಷೆಂಗೆನ್ ದೇಶದಲ್ಲಿದ್ದು (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು ಇದು) ನಿಮಗೆ ವೀಸಾ ಬೇಕಿದ್ರೆ, ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ತೀರಾ ತಡ ಅಂದ್ರೂ 15 ದಿನ ಮೊದಲು. ಆದ್ರೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಆಗಿರೋದ್ರಿಂದ 15 ದಿನ ಅನ್ನೋ ಲೆಕ್ಕ ನಂಬಿ ಕೂರಬೇಡಿ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಡೋ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಫೈನಲ್ ಒಂದು ದೇಶದಲ್ಲಿ, ಸುತ್ತಾಟ ಇನ್ನೊಂದು ದೇಶದಲ್ಲಿ ಅಂದ್ರೆ ಹೆಚ್ಚು ರಾತ್ರಿ ಎಲ್ಲಿ ಉಳೀತೀರೋ ಆ ದೇಶಕ್ಕೇ ಅರ್ಜಿ. ಪಂದ್ಯ ಲಂಡನ್‌ನಲ್ಲಿದ್ರೆ ಷೆಂಗೆನ್ ವೀಸಾ ಉಪಯೋಗಕ್ಕೆ ಬರಲ್ಲ.

ಇಬ್ಬರು ಸೇರಿ ಹೋಗುವಾಗ ಎಡವೋ ಜಾಗ ಇನ್ನೊಂದಿದೆ: ಹೋಟೆಲ್ ಬುಕಿಂಗ್ ಒಬ್ಬರ ಹೆಸರಲ್ಲಿ ಮಾತ್ರ ಇರೋದು. ವೀಸಾ ಅರ್ಜಿಗಳು ಇಬ್ಬರದೂ ಬೇರೆ ಬೇರೆ. ನಿಮ್ಮ ಗೆಳೆಯರ ಕಡತದಲ್ಲಿ ಅವರ ಹೆಸರೇ ಇಲ್ಲದ ರಸೀದಿ ಕಂಡ್ರೆ ಪ್ರಶ್ನೆ ಏಳುತ್ತೆ. ಎರಡೂ ಹೆಸರು ಹಾಕಿಸಿ, ಉಚಿತವಾಗಿ ರದ್ದು ಮಾಡೋಕೆ ಬರೋ ರೂಮನ್ನೇ ಹಿಡೀರಿ.

ಈಗ ಗೇಟ್. ಟಿಕೆಟ್ ಕಾಗದದಲ್ಲಿ ಇರಲ್ಲ, ಯುಇಎಫ್‌ಎ ಟಿಕೆಟ್ ಆ್ಯಪ್‌ನಲ್ಲಿರುತ್ತೆ. ಕ್ಯೂಆರ್ ಕೋಡ್ ಮೊದಲೇ ಕಾಣಿಸಲ್ಲ. ಸ್ಟೇಡಿಯಂ ಸಮೀಪಿಸಿದ ಮೇಲೆ ಅಲ್ಲಿನ ಬ್ಲೂಟೂತ್ ಸಿಗ್ನಲ್ ಸಿಕ್ಕಾಗ ಮಾತ್ರ ತೆರೆದುಕೊಳ್ಳುತ್ತೆ. ಹಾಗಾಗಿ ಸ್ಕ್ರೀನ್‌ಶಾಟ್ ನಡೆಯಲ್ಲ, ಬ್ಲೂಟೂತ್ ಆನ್ ಇರಲೇಬೇಕು. ಹೋಟೆಲ್ ವೈಫೈನಲ್ಲೇ ಟಿಕೆಟ್ ಡೌನ್‌ಲೋಡ್ ಮಾಡಿಟ್ಟಿದ್ರೆ ಗೇಟ್ ಹತ್ರ ಇಂಟರ್‌ನೆಟ್ ಬೇಕಾಗಲ್ಲ. ಗೆಳೆಯರ ಟಿಕೆಟನ್ನ ಅವರ ಫೋನ್‌ಗೆ ಹಿಂದಿನ ದಿನವೇ ವರ್ಗಾಯಿಸಿ. ಕೋಡ್ ಒಮ್ಮೆ ತೆರೆದುಕೊಂಡ ಮೇಲೆ ವರ್ಗಾವಣೆ ಆಗಲ್ಲ. ಎರಡೂ ಒಂದೇ ಫೋನ್‌ನಲ್ಲಿದ್ದು, ತಪಾಸಣೆಯ ಸಾಲಲ್ಲಿ ಇಬ್ಬರೂ ಬೇರೆ ಆಗ್ಬಿಟ್ರೆ, ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ಕೈಕಟ್ಟಿ ನಿಲ್ಲಬೇಕಾಗುತ್ತೆ.

ಬೇಗ ಹೊರಡಿ ಅಂತ ಸುಮ್ಮನೆ ಹೇಳ್ತಿಲ್ಲ. 2022ರ ಮೇ 28ರಂದು ಪ್ಯಾರಿಸ್ ಪಕ್ಕದ ಸ್ಟಾಡ್ ಡಿ ಫ್ರಾನ್ಸ್ ಸ್ಟೇಡಿಯಂನಲ್ಲಿ ನಡೆದ ಫೈನಲ್‌ಗೆ ಬಂದ ಸಾವಿರಾರು ಅಭಿಮಾನಿಗಳು ಅಸಲಿ ಟಿಕೆಟ್ ಹಿಡ್ಕೊಂಡೇ ಹೊರಗೆ ಸಿಕ್ಕಿಹಾಕ್ಕೊಂಡ್ರು, ಪಂದ್ಯ 36 ನಿಮಿಷ ತಡವಾಯ್ತು. ರೈಲಿಂದ ಇಳಿದ ಜನರೆಲ್ಲ ಇಕ್ಕಟ್ಟಾದ ಒಂದೇ ತಪಾಸಣಾ ಜಾಗಕ್ಕೆ ನುಗ್ಗಿದ್ದು ಅದಕ್ಕೆ ದೊಡ್ಡ ಕಾರಣ. ಆ ಅಭಿಮಾನಿಗಳ ತಪ್ಪಲ್ಲ ಅದು, ಸ್ವತಂತ್ರ ತನಿಖೆಯೂ ಮುಖ್ಯ ಹೊಣೆಯನ್ನ ಯುಇಎಫ್‌ಎ ಮೇಲೇ ಹೊರಿಸಿತು. ಆದ್ರೂ ನಮ್ಮ ಕೈಲಿರೋದು ಸಮಯ ಒಂದೇ. ಕಿಕ್-ಆಫ್‌ಗೆ, ಅಂದ್ರೆ ಆಟ ಶುರುವಾಗೋಕೆ, ಎರಡೂವರೆ ಗಂಟೆ ಮೊದಲು ಹೊರಗಿನ ತಪಾಸಣೆ ಹತ್ರ ಇರಿ.

ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿದ್ರೆ ಒಳಗೆ ಬಿಡಲ್ಲ. ಸೆಲ್ಫಿ ಸ್ಟಿಕ್, ಟ್ರೈಪಾಡ್, ದೊಡ್ಡ ಲೆನ್ಸಿನ ಕ್ಯಾಮೆರಾ ರೂಮಲ್ಲೇ ಇರಲಿ. ವ್ಲಾಗ್ ಮಾಡೋರಿಗೆ ಒಂದು ಮಾತು: ಆಟದ ದೃಶ್ಯ ಅಪ್‌ಲೋಡ್ ಮಾಡಿದ್ರೆ ಕಾಪಿರೈಟ್ ಕ್ಲೇಮ್ ಬರೋ ಸಾಧ್ಯತೆ ಹೆಚ್ಚು. ಹಾಡು ಹೇಳ್ಕೊಂಡು ಮೆಟ್ರೋದಿಂದ ಇಳಿಯೋ ಜನ, ಸ್ಕಾರ್ಫ್ ಎತ್ತಿದ ಕೈಗಳು, ಗೋಲ್ ಆದಾಗ ಪಕ್ಕದ ಗೆಳೆಯರ ಮುಖ, ಅದನ್ನ ತೆಗೀರಿ. ಟಿವಿಯಲ್ಲಿ ಸಿಗದೇ ಇರೋದು ಅದೇ.

ಪಂದ್ಯದ ನಂತರದ ರಾತ್ರಿಗೂ ಲೆಕ್ಕ ಬೇಕು. ರಾತ್ರಿ 9ಕ್ಕೆ ಶುರುವಾದ ಫೈನಲ್ ನೇರವಾಗಿ ಮುಗಿದ್ರೆ 10.55ರ ಹೊತ್ತು. ಹೆಚ್ಚುವರಿ ಸಮಯ, ಪೆನಾಲ್ಟಿ ಅಂತ ಹೋದ್ರೆ 11.45 ದಾಟುತ್ತೆ, ಕಪ್ ಎತ್ತುವಾಗ ಮಧ್ಯರಾತ್ರಿ. ಅಭಿಮಾನಿಗಳಿಗೆ ವಾಪಸ್ ಹೋಗೋಕೆ ಸುಲಭ ಆಗ್ಲಿ ಅಂತಲೂ 2026ರ ಬುಡಾಪೆಸ್ಟ್ ಫೈನಲ್‌ನ ಕಿಕ್-ಆಫ್ ಸಂಜೆ 6ಕ್ಕೆ ತಂದದ್ದು ಒಳ್ಳೇ ನಿರ್ಧಾರ. ಆದ್ರೂ ಕೊನೇ ರೈಲು ಎಷ್ಟಕ್ಕೆ ಅಂತ ನೋಡ್ಕೊಂಡೇ ಹೋಗಿ, ಮರುದಿನದ ವಿಮಾನ ಮಧ್ಯಾಹ್ನದ ಮೇಲಿರಲಿ.

ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೂತುಬಿಡುತ್ತೆ, ವಾಟ್ಸ್ಆ್ಯಪ್ ಸುತ್ತುತ್ತಾನೇ ಇರುತ್ತೆ. ಮಾಮೂಲಿ ಎಸ್‌ಎಂಎಸ್ ಆಗ ಕೆಲವೊಮ್ಮೆ ದಾಟಿಕೊಳ್ಳುತ್ತೆ. ಸಿಗೋ ಜಾಗ "ಗೇಟ್ ಹತ್ರ" ಅಂತ ಬೇಡ, ಅಲ್ಲಿ ನಿಲ್ಲೋಕೇ ಬಿಡಲ್ಲ. ಜನರ ಹರಿವಿಂದ ಆಚೆ ಇರೋ ಒಂದು ಮೂಲೆ ಮಧ್ಯಾಹ್ನವೇ ನೋಡಿಡಿ. ಆ ಜಾಗದ ಹೆಸರು, ಹೋಟೆಲ್ ವಿಳಾಸ, ಇಬ್ಬರ ನಂಬರ್ ಒಂದು ಚೀಟಿಯಲ್ಲಿ ಬರೆದು ತಲಾ ಒಂದು ಜೇಬಲ್ಲಿಟ್ಕೊಳ್ಳಿ. ಹೊತ್ತಾಗುವಷ್ಟರಲ್ಲಿ ಇಬ್ಬರ ಫೋನೂ ಚಾರ್ಜ್ ಮುಗಿದು ಆರಿಹೋಗಿರಬಹುದು.