ಹಕ್ಕಿಗೂ ನಮಗೂ ನಡುವಿನ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದಿನ ಮಾತು. ಜನವರಿ ತಿಂಗಳು. ಸುರಪುರದ ಹತ್ತಿರ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿವೆ ಅಂತ ಸುದ್ದಿ ಸಿಕ್ಕಿತು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಅದು ನಮ್ಮ ಯಾದಗಿರಿ ಜಿಲ್ಲೆಯ ಹೊಲದಲ್ಲಿ ಮೇಯುತ್ತಿದೆ ಅಂದ ಮೇಲೆ ಸುಮ್ನೆ ಮನೆಯಲ್ಲಿ ಕೂರೋಕಾಗುತ್ತಾ? ನನ್ನ ಹತ್ತಿರ ಇದ್ದದ್ದು ಸಣ್ಣ ಲೆನ್ಸ್. ಅದಕ್ಕೇ ಊರಿನ ಒಂದು ಅಂಗಡಿಯಿಂದ 200ರಿಂದ 600 ಮಿಲಿಮೀಟರಿನ ಜೂಮ್ ಲೆನ್ಸನ್ನು ಎರಡು ದಿನಕ್ಕೆ ಬಾಡಿಗೆಗೆ ತಂದೆ. ಎರಡು ಕಿಲೋಗಿಂತ ಜಾಸ್ತಿ ತೂಕ.

ಕಲಬುರಗಿಯಿಂದ ಸುರಪುರಕ್ಕೆ ಬಸ್ಸು, ಅಲ್ಲಿಂದ ಆಟೋ. ಕೆರೆ ದಂಡೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಕೆರೆಯಾಚೆಯ ಕರಿಮಣ್ಣಿನ ಹೊಲದಲ್ಲಿ ಬಾತುಗಳ ಹಿಂಡು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮುನ್ನೂರು ಫೋಟೋ ಹೊಡೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಒಂದರಲ್ಲೂ ಪಟ್ಟೆ ನೆಟ್ಟಗಿಲ್ಲ. ಕುದಿಯುವ ನೀರಿನ ತಳದಲ್ಲಿ ಬಾತು ಇಟ್ಟು ಮೇಲಿಂದ ನೋಡಿದ ಹಾಗಿತ್ತು.

ಲೆನ್ಸ್ ಕೆಟ್ಟಿದೆ ಅಂತ ಮರುದಿನ ಅಂಗಡಿಯವರ ಜೊತೆ ಜಗಳಕ್ಕೇ ಹೋದೆ. ಆ ಹುಡುಗ ಮಾತಾಡಲಿಲ್ಲ. ಲೆನ್ಸ್ ಹಾಕಿ ರಸ್ತೆಯಾಚೆಯ ಬೋರ್ಡಿನ ಫೋಟೋ ಹೊಡೆದು ತೋರಿಸಿದ. ಬಣ್ಣ ಎದ್ದು ಬಂದ ಸಿಪ್ಪೆ ಕೂಡ ಕಾಣುತ್ತಿತ್ತು. "ಎಷ್ಟ್ ಗಂಟೆಗೆ ಹೊಡದೀರಿ ಸರ?" ಅಂದ. ಹನ್ನೊಂದೂವರೆ ಅಂದೆ. "ಬಿಸಿಲಾಗ ಎರಿಮಣ್ಣಿನ ಮ್ಯಾಲ ಗಾಳಿ ಕುದೀತದ್ರಿ. ಅದ್ಕ ಲೆನ್ಸ್ ಏನ್ ಮಾಡ್ತದ?"

ಬಿಸಿಲ್ಗುದುರೆ ಅಂತೀವಲ್ಲ, ಅದರದೇ ಬಳಗದ ಆಟ. ಕಾದ ನೆಲದಿಂದ ಏಳುವ ಬಿಸಿ ಗಾಳಿ, ಮೇಲಿನ ತಣ್ಣನೆ ಗಾಳಿ ಎರಡೂ ಕಲಸಿಕೊಳ್ಳುವಾಗ ಬೆಳಕು ಅಲ್ಲಾಡುತ್ತದೆ. ಲೆನ್ಸ್ ದೊಡ್ಡದಾದರೆ ಆ ಅಲ್ಲಾಟವೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಚಳಿಗಾಲದಲ್ಲೇ ಹೀಗಾದರೆ ಏಪ್ರಿಲ್ ತಿಂಗಳ ಕಥೆ ನಿಮಗೇ ಗೊತ್ತು.

ಅಂದಿನಿಂದ ಯಾರಾದರೂ "ಹಕ್ಕಿ ಫೋಟೋಕ್ಕೆ ಯಾವ ಲೆನ್ಸ್ ತಗೊಳ್ಳಲಿ?" ಅಂತ ಕೇಳಿದರೆ, "ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?" ಅಂತ ತಿರುಗಿ ಕೇಳುತ್ತೇನೆ. ಉಡಾಫೆ ಅಲ್ಲ. ಬೇಗ ಹೋದರೆ ಗಾಳಿ ತಣ್ಣಗಿರುತ್ತದೆ. ಹಕ್ಕಿಯ ಹತ್ತಿರ ಹೋಗುವುದೂ ಅಷ್ಟೇ ಮುಖ್ಯ, ಲೆಕ್ಕವೇ ಹಾಗಿದೆ. ನಲವತ್ತು ಮೀಟರ್ ದೂರದ ಹಕ್ಕಿಯನ್ನು 800 ಮಿಲಿಮೀಟರಿನಲ್ಲಿ ತೆಗೆದರೆ ಎಷ್ಟು ದೊಡ್ಡದು ಬರುತ್ತದೋ, ಇಪ್ಪತ್ತು ಮೀಟರ್ ಹತ್ತಿರ ಹೋಗಿ 400ರಲ್ಲಿ ತೆಗೆದರೂ ಅಷ್ಟೇ ದೊಡ್ಡದು ಬರುತ್ತದೆ. ನಡುವಿನ ಗಾಳಿಯೂ ಅರ್ಧಕ್ಕರ್ಧ ಕಡಿಮೆ.

ಸರಿ, ಈಗ ಲೆನ್ಸಿಗೆ ಬರೋಣ. ನಾನು ಯಾವ ಕಂಪನಿಯ ಏಜೆಂಟೂ ಅಲ್ಲ, ಉಪಯೋಗಿಸುವವರು ಆಡುವ ಹೆಸರುಗಳನ್ನೇ ಹೇಳುತ್ತೇನೆ. ಸೋನಿಯಲ್ಲಿ 200-600 ಇದೆ, 2019ರಲ್ಲಿ ಬಂದದ್ದು. ನಿಕಾನ್‌ನಲ್ಲಿ 180-600, ಅದು 2023ರದ್ದು. ಇವೆರಡಕ್ಕೂ ಒಂದು ಒಳ್ಳೆ ಗುಣವಿದೆ. ಜೂಮ್ ತಿರುಗಿಸಿದರೆ ಉದ್ದವಾಗುವುದಿಲ್ಲ, ಗಾಜುಗಳು ಒಳಗೇ ಸರಿಯುತ್ತವೆ. ಇದು ನಮ್ಮ ಕಡೆ ದೊಡ್ಡ ಮಾತು. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಲದಲ್ಲಿ ನಿಂತವರಿಗೆ ಧೂಳು ಅಂದರೆ ಏನು ಅಂತ ಗೊತ್ತು. ಉದ್ದವಾಗಿ ಗಿಡ್ಡವಾಗುವ ಲೆನ್ಸು ಕಮ್ಮಾರನ ತಿದಿಯ ಹಾಗೆ ಪ್ರತಿ ಸಲವೂ ಗಾಳಿ ಎಳೆದುಕೊಳ್ಳುತ್ತದೆ. ರಬ್ಬರಿನ ಸೀಲ್ ಇರುತ್ತದೆ, ನಿಜ. ಆದರೂ ಒಳ ಸರಿಯುವ ಲೆನ್ಸಿಗೆ ನನ್ನ ಮನಸ್ಸು ವಾಲುತ್ತದೆ.

ಕ್ಯಾನನ್‌ನ 200-800 ಬೇರೆ ದಾರಿ ಹಿಡಿದಿದೆ. 800ರ ತನಕ ಹೋಗುತ್ತದೆ. ಆದರೆ ಆ ತುದಿಯಲ್ಲಿ ಅದರ ಕಿಂಡಿ, ಅಂದರೆ ಬೆಳಕು ಒಳಬರುವ ತೂತು, ಎಫ್ 9. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಉಳಿದೆರಡರ 600ರ ತುದಿಯ ಎಫ್ 6.3ಕ್ಕೆ ಹೋಲಿಸಿದರೆ ಒಳಬರುವ ಬೆಳಕು ಅರ್ಧ. ಅಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 1600 ಸಾಕಾಗುವ ಕಡೆ ಇಲ್ಲಿ 3200 ಬೇಕು. ಬೆಳಗಿನ ಜಾವದ ಮಬ್ಬಿನಲ್ಲಿ, ಅಂದರೆ ನಮಗೆ ಗಾಳಿ ತಣ್ಣಗಿರುವ ಹೊತ್ತಿನಲ್ಲೇ, ಈ ಕೊರತೆ ಕಾಡುತ್ತದೆ. ಬೆಳಕು ಚೆನ್ನಾಗಿ ಬರುವಷ್ಟರಲ್ಲಿ ನೆಲ ಕಾದಿರುತ್ತದೆ. ನೋಡಿ, ಫಜೀತಿ ಹೇಗಿದೆ!

ಈ ಮೂರೂ ಲೆನ್ಸುಗಳು ಒಂದು ಲಕ್ಷ ರೂಪಾಯಿ ದಾಟುವ, ಎರಡು ಕಿಲೋ ಆಸುಪಾಸಿನ ಸಾಮಾನು. ಕ್ಯಾನನ್‌ನದೇ 100-400 ಇದೆ, ತೂಕ 635 ಗ್ರಾಂ. ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಹಗುರ, ಬೆಲೆಯೂ ಲಕ್ಷಕ್ಕಿಂತ ಕೆಳಗೆ. ಕಿಂಡಿ ಕಿರಿದು, 400ರಲ್ಲಿ ಎಫ್ 8. ಆದರೆ ಕೊರಳಿಗೆ ಹಾಕಿಕೊಂಡು ಬೈಕಿನಲ್ಲಿ ಹೋಗಬಹುದು. ನನ್ನ ಮಟ್ಟಿಗೆ ಅದೇ ಗೆದ್ದಿತು.

ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ. ಇದನ್ನು ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ 400 ಹೋಗಿ 640 ಆಗುತ್ತದೆ ಅಂತಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜೋಳದ ರೊಟ್ಟಿಯ ಅಂಚು ಮುರಿದು ನಡುವಿನದ್ದನ್ನಷ್ಟೇ ತಟ್ಟೆಗೆ ಹಾಕಿದರೆ ಆ ನಡುವಿನ ತುಂಡು ದೊಡ್ಡದಾಯಿತಾ? ಇಲ್ಲ. ತಟ್ಟೆ ತುಂಬಿದ ಹಾಗೆ ಕಾಣುತ್ತದೆ. ಲಾಭ ಇರುವುದು ಬೇರೆ ಕಡೆ. ಕ್ಯಾನನ್ ಆರ್7ನಂಥ ಕ್ಯಾಮೆರಾದಲ್ಲಿ ಆ ಸಣ್ಣ ತುಂಡಿನೊಳಗೇ 32.5 ಮೆಗಾಪಿಕ್ಸೆಲ್ ತುಂಬಿರುತ್ತಾರೆ. ಹಕ್ಕಿಯ ರೆಕ್ಕೆಯ ಎಳೆ ಎಳೆಗೂ ಜಾಸ್ತಿ ಚುಕ್ಕೆ ಸಿಗುತ್ತದೆ.

ನಾನು ಹೇಳಿದ ಲೆನ್ಸುಗಳೆಲ್ಲ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಮಾಡಿದವು. ಮಿರರ್‌ಲೆಸ್ ಅಂದರೆ ಹೆಸರೇ ಹೇಳುವ ಹಾಗೆ ಒಳಗೆ ಕನ್ನಡಿ ಇಲ್ಲ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೆದ್ದು ಬೀಳುತ್ತಿತ್ತು, ಆ "ಫಟ್" ಸದ್ದಿಗೇ ಕಳ್ಳಿಪೀರ ಹಾರಿಹೋಗುತ್ತಿತ್ತು. ಫೋಕಸ್ ಮಾಡಲು ಬೇರೆಯದೇ ಒಂದು ಸಣ್ಣ ಸೆನ್ಸರ್ ಇತ್ತು. ಕಿಂಡಿ ತೀರ ಕಿರಿದಾದರೆ ಅದು ಕೈಚೆಲ್ಲುತ್ತಿತ್ತು. ಈಗ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ಮಾಡುತ್ತದೆ. ಎಫ್ 9, ಎಫ್ 11ರಂಥ ಹಗುರ ಲೆನ್ಸುಗಳನ್ನು ಕಂಪನಿಗಳು ಧೈರ್ಯವಾಗಿ ಮಾಡಿದ್ದು ಈ ಕಾರಣಕ್ಕೇ. ಇನ್ನೊಂದು, ಈ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತವೆ. ಜಾಲಿ ಕಂಟಿಯೊಳಗೆ ಹೂಗುಬ್ಬಿ ಕೂತಿದ್ದರೆ ನಾನು ಮುಳ್ಳಿಗೆ ಫೋಕಸ್ ಮಾಡುತ್ತಿದ್ದೆ, ಇದು ಕಣ್ಣಿಗೆ ಮಾಡುತ್ತದೆ. ನನಗಿಂತ ಜಾಣ.

ಒಂದು ಎಚ್ಚರಿಕೆ. ಷಟರ್ ಅಂದರೆ ಬೆಳಕನ್ನು ಎಷ್ಟು ಹೊತ್ತು ಒಳಬಿಡಬೇಕು ಅಂತ ನೋಡಿಕೊಳ್ಳುವ ಬಾಗಿಲು. ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ ಹಾರುವ ಹಕ್ಕಿ ತೆಗೆದರೆ ಎಷ್ಟೋ ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟ ಬರುತ್ತದೆ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಕೊನೆಯ ಸಾಲು ಓದುವಷ್ಟರಲ್ಲಿ ರೆಕ್ಕೆ ಕೆಳಗಿಳಿದಿರುತ್ತದೆ. ನಿಕಾನ್ ಝಡ್8ರಂಥ ದುಬಾರಿ ಕ್ಯಾಮೆರಾಗಳು ಬಹಳ ಬೇಗ ಓದುತ್ತವೆ. ನಮ್ಮಂಥವರು ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಷಟರ್ ಹಾಕಿಕೊಂಡರೆ ಆಯ್ತು. ಮಿರರ್‌ಲೆಸ್‌ನಲ್ಲಿ ಬ್ಯಾಟರಿಯೂ ಬೇಗ ಮುಗಿಯುತ್ತದೆ, ಇನ್ನೊಂದು ಜೇಬಿನಲ್ಲಿರಲಿ.

ಕಳೆದ ಎಳ್ಳಮಾಸಿಗೆ ಅಕ್ಕನ ಊರಿನ ಹೊಲಕ್ಕೆ ಹೋಗಿದ್ದೆ. ಬಜ್ಜಿ ಪಲ್ಯ, ಸಜ್ಜಿ ರೊಟ್ಟಿ ಆಮೇಲಿನ ಮಾತು. ಬೆಳಿಗ್ಗೆ ಏಳಕ್ಕೇ ಬೈಕ್ ಹತ್ತಿದೆ. ತೊಗರಿ ಹೊಲದ ಪಕ್ಕದ ಕರೆಂಟಿನ ತಂತಿ ಮೇಲೆ ನೀಲಕಂಠ ಕೂತಿತ್ತು, ನಮ್ಮ ರಾಜ್ಯಪಕ್ಷಿ. ಬೈಕಿನಿಂದ ಇಳಿಯಲಿಲ್ಲ, ಇಳಿದರೆ ಹಾರುತ್ತದೆ. ಎಂಜಿನ್ ಆರಿಸಿ ಕಾದೆ. ಅದು ತಂತಿ ಬಿಟ್ಟು ಮಿಡತೆಯ ಮೇಲೆ ಎರಗಿದಾಗ ರೆಕ್ಕೆಯ ಎರಡೂ ನೀಲಿ ಬಿಚ್ಚಿಕೊಂಡವು. 400 ಮಿಲಿಮೀಟರ್, ಷಟರ್ ತೆರೆದದ್ದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಕಣ್ಣು ಚೂಪು, ಹಿಂದೆ ತೊಗರಿ ಹಳದಿ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಊಟಕ್ಕೆ ಕೂತವರ ಗುಂಪಿನ ಫೋಟೋ ತೆಗೆಯೋಣ ಅಂತ ಹೊಲದಲ್ಲೇ ನಿಂತು ಲೆನ್ಸ್ ಬದಲಿಸಿದೆ. ಕನ್ನಡಿ ಇಲ್ಲದ ಎಷ್ಟೋ ಕ್ಯಾಮೆರಾಗಳಲ್ಲಿ ಲೆನ್ಸ್ ಕಳಚಿದರೆ ಸೆನ್ಸರ್ ಬಯಲಿಗೆ ಬೀಳುತ್ತದೆ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಹೊರಟಿತ್ತು. ಒಂದು ಧೂಳಿನ ಕಣ ಒಳಗೆ ಹೊಕ್ಕಿತು. ಕಿಂಡಿ ಕಿರಿದಾದಷ್ಟೂ ಆ ಚುಕ್ಕೆ ಗಟ್ಟಿಯಾಗಿ ಕಾಣುತ್ತದೆ, ನನ್ನ ಲೆನ್ಸೋ ಎಫ್ 8. ಸಂಜೆ ಅಕ್ಕನ ಮಗನಿಗೆ ಬೋಳು ಆಕಾಶದಲ್ಲಿ ಹಾರುವ ಕೊಕ್ಕರೆಯ ಫೋಟೋ ತೋರಿಸಿದೆ. ಅವನು ಮೂಲೆಗೆ ಬೆರಳಿಟ್ಟು ಕೇಳಿದ: "ಮಾಮಾ, ಇಲ್ಲಿ ಮ್ಯಾಲ ಇರೋದು ಹದ್ದೇನ್ರಿ?"

ನಮಸ್ಕಾರ.