ಒಡ್ಡಿಲ್ಲದ ಕೆರಿ

ಈಗ ಕೇಳಾಕತ್ತಿದ್ದು ಗಾಳಿ ಅಲ್ರಿ, ನನ್ನ ಉಸಿರು. ಮೈಕ್ ಜಾಕೆಟ್ಟಿನ ಕಾಲರಿಗೆ ಸಿಗಿಸಿದ್ದೆ. ಇಡೀ ದಿನ ಅದು ರೆಕಾರ್ಡ್ ಮಾಡಿದ್ದು ಇಷ್ಟ: ಹುಸ್ಸ್, ಹುಸ್ಸ್, ನಡುವ ಒಮ್ಮೆ "ಇನ್ನೂ ಎಷ್ಟ ದೂರ?" ಅದಕ್ಕ ಈಗ ಬಾಗಲಕೋಟಿ ನವನಗರದ ಮನ್ಯಾಗ ಫ್ಯಾನ್ ಬಂದ್ ಮಾಡಿ, ಬಾಗಲಾ ಹಾಕ್ಕೊಂಡು, ಮೊದಲಿಂದ ಹೇಳಾಕತ್ತೇನಿ. ಇಲ್ಲೆ ಬೆವರು ಇಳಿಯಾಕತ್ತೈತಿ. ಸ್ಕ್ರೀನಿನ್ಯಾಗ ಟೆಂಟಿನ ಮ್ಯಾಲ ಇಬ್ಬನಿ ಗಾಜಿನಂಗ ಗಟ್ಟಿಯಾಗೈತಿ.

ಕಾಶ್ಮೀರ ಗ್ರೇಟ್ ಲೇಕ್ಸ್ ಟ್ರೆಕ್, ಮೂರನೇ ದಿನ. ಸೋನಮರ್ಗದಿಂದ ಹತ್ತಿ ನಾರಾನಾಗದಾಗ ಇಳಿಯೋ ದಾರಿ ಇದು. ಹೊರಗಿನ ರಾಜ್ಯದ ಪ್ರೀಪೇಡ್ ಸಿಮ್ ಜಮ್ಮು-ಕಾಶ್ಮೀರದಾಗ ನಡೆಯೂದಿಲ್ಲ, ಹೋಗೂ ಮೊದಲ ತಿಳ್ಕೋರಿ. ನಾವು ಶ್ರೀನಗರದಾಗ ಇಳದ ಮ್ಯಾಲ ತಿಳ್ಕೊಂಡ್ವಿ. ನಾವಂದ್ರ ನಾನು, ಕಾಕಾನ ಮಗ ಅಣ್ಣ, ಜಮಖಂಡಿಯ ಅವನ ಇಬ್ರು ದೋಸ್ತರು.

ಮುಂದ ಕಾಣೋದು ವಿಶನ್‌ಸರ್ ಕೆರಿ. ಸುಮಾರು 3,700 ಮೀಟರ್ ಎತ್ತರ. ಮುಂಜಾನೆ ಆರಕ್ಕ ನೀರು ಪಾಟಿ ಬಣ್ಣದ್ದಿತ್ತು, ನೋಡಿ ಸ್ವಲ್ಪ ನಿರಾಶೆನೂ ಆತು. ಆಮ್ಯಾಲ ಬಿಸಲು ಎದುರಿನ ಗುಡ್ಡ ಇಳದು ದಂಡಿಗೆ ಮುಟ್ಟಿತು ನೋಡ್ರಿ, ಅಲ್ಲಿಂದ ಗೇಣು ಗೇಣು ಹಸರಾಕ್ಕೋತ ಹೊಂಟಿತು. ಕೈ ಅದ್ದಿ ಎಣಿಸಿದೆ. ಹನ್ನೊಂದಕ್ಕ ಬೆರಳು ಉರಿಯಾಕ ಹತ್ತಿದ್ವು, ಹದಿನಾರಕ್ಕ ಕೈ ತಗದೆ. ಅಣ್ಣ ಇಪ್ಪತ್ತಂದ. ಅವನ ಮಾತು, ನಂಬೋದು ಬಿಡೋದು ನಿಮಗ ಬಿಟ್ಟದ್ದು.

ಹೊರಡೂ ಮುಂದ ನಮ್ಮಪ್ಪ ಒಂದ ಪ್ರಶ್ನೆ ಕೇಳಿದ್ದ. "ಯವ್ವಾ, ಅಷ್ಟ ಎತ್ತರದಾಗ ಕೆರಿ ಅಂತೀಯಲ್ಲಾ, ಒಡ್ಡು ಯಾರ್ ಹಾಕ್ಯಾರ?"

ನಗಬ್ಯಾಡ್ರಿ. ಅಪ್ಪ ಹಳೇ ಬಾಗಲಕೋಟಿಯಾಂವ. ಕೃಷ್ಣಾ ನದಿಗೆ ಆಲಮಟ್ಟಿಯಾಗ ಒಡ್ಡು ಬಿತ್ತು, ಹಿನ್ನೀರು ಘಟಪ್ರಭಾದ ಗುಂಟ ಸರಕೋತ ನಮ್ಮೂರಿಗೆ ಬಂತು. ಓಣಿಗೋಳು ಹೋದ್ವು, ನಮ್ಮ ಮನೀನೂ ಹೋತು. ಆಮ್ಯಾಲ ಸೆಕ್ಟರ್ ನಂಬರಿನ ಈ ನವನಗರ. ಇವತ್ತಿಗೂ ಮಳಿಗಾಲದಾಗ ಪೇಪರ್ ಬಂದ್ರ ಅಪ್ಪ ಮೊದಲ ಹುಡುಕೋದು ಜಲಾಶಯದ ಮಟ್ಟ. 519.60 ಮೀಟರ್ ಅಂದ್ರ ಭರ್ತಿ. ನಮ್ಮ ಮನ್ಯಾಗ ಸಣ್ಣ ಹುಡುಗರಿಗೂ ಈ ಅಂಕಿ ಬಾಯಿಪಾಠ. ನೀರು ಒಂದ ಕಡೆ ನಿಂತೈತಿ ಅಂದ್ರ ಅದನ್ನ ಯಾರೋ ನಿಲ್ಲಿಸ್ಯಾರ ಅನ್ನೋದು ಅಪ್ಪನ ಲೆಕ್ಕ.

ಇಲ್ಲೆ ಯಾರೂ ನಿಲ್ಲಿಸಿಲ್ಲ. ಒಂದ ಕಾಲದಾಗ ಈ ಕಣಿವಿ ತುಂಬ ಹಿಮನದಿ ಇತ್ತು. ಅದು ತನ್ನ ಭಾರಕ್ಕ ತಾನ ಇಳಕೋತ, ಹೊಟ್ಟ್ಯಾಗ ಕಲ್ಲು ಹಿಡ್ಕೊಂಡು, ಗುಡ್ಡದ ಬುಡ ತುರದು ಬೋಗುಣಿ ಮಾಡೈತಿ. ಕರಗಿ ಹಿಂದ ಸರಿದಾಗ ಬೋಗುಣಿ ಉಳೀತು, ಅದರಾಗ ಹಿಮದ ನೀರು ನಿಂತಿತು. ಎಷ್ಟೋ ಇಂಥ ಕೆರಿಗಳ ಬಾಯಿಗೆ ಹಿಮನದಿ ಬಿಟ್ಟು ಹೋದ ಕಲ್ಲುರಾಶಿ ಅಡ್ಡ ಇರತೈತಿ, ಮೊರೇನ್ ಅಂತಾರ. ಬೇಕಂದ್ರ ಅದನ್ನ ಒಡ್ಡು ಅನ್ನಬಹುದು. ತೂಬಿಲ್ಲ, ಗೇಟಿಲ್ಲ.

ಅಲ್ಲಿಂದ ಒಂದ ಏರು ಹತ್ತಿದ್ರ ಕಿಶನ್‌ಸರ್. ವಿಶನ್‌ಸರ್ ಅಂದ್ರ ವಿಷ್ಣುವಿನ ಸರೋವರ, ಇದು ಕೃಷ್ಣನ ಸರೋವರ. ಇದರ ನೀರು ಅದಕ್ಕ ಇಳೀತೈತಿ, ಅದರಿಂದ ಕಿಶನ್‌ಗಂಗಾ ನದಿ ಹುಟ್ಟತೈತಿ. ನಾವು ಒಂದ ಕೃಷ್ಣಾ ಬಿಟ್ಟು ಬಂದು ಇನ್ನೊಂದರ ತಲಿ ಮ್ಯಾಲ ನಿಂತಿದ್ವಿ.

ಇನ್ನ ಮುಂದಿಂದು ಗಡ್‌ಸರ್ ಪಾಸ್, ಗುಡ್ಡ ದಾಟಿ ಆಚಿ ಕಣಿವಿಗೆ ಇಳಿಯೋ ಜಾಗ. ಇಲ್ಲೆ ವಿಡಿಯೋ ಅಲ್ಲಾಡತೈತಿ, ಕ್ಷಮಾ ಇರಲಿ. ಸುಮಾರು 4,200 ಮೀಟರ್. ನಮ್ಮ ಕರ್ನಾಟಕದಾಗ ಎಲ್ಲಾಕಿಂತ ಎತ್ತರ ಮುಳ್ಳಯ್ಯನಗಿರಿ, 1,930 ಮೀಟರ್. ಅದರ ಮ್ಯಾಲ ಇನ್ನೊಂದ ಮುಳ್ಳಯ್ಯನಗಿರಿ ಇಟ್ಟು ಮ್ಯಾಲ ಇನ್ನಷ್ಟು ಕೂಡಿಸ್ರಿ. ಗಾಳಿಯ ಒತ್ತಡ ಸಮುದ್ರದ ದಂಡ್ಯಾಗಿಂದರ ಹತ್ತರಾಗ ಆರು ಪಾಲು. ಇಪ್ಪತ್ತ ಹೆಜ್ಜಿ, ನಿಲ್ಲೋದು. ಹದಿನೈದ ಹೆಜ್ಜಿ, ನಿಲ್ಲೋದು. ನಮ್ಮ ಪಕ್ಕದಾಗ ಹೇಸರಗತ್ತಿ ನಮ್ಮ ಟೆಂಟು, ಗ್ಯಾಸು ಹೊತ್ಕೊಂಡು, ಕಿವಿ ಸೈತ ಅಲ್ಲಾಡಿಸಲಾರದ ಹೋದ್ವು. ಅವಮಾನ ಅನಿಸ್ತು.

ಅರ್ಧ ಏರಿಗೆ ಚೀಲ ಬಿಚ್ಚಿದ್ವಿ. ಅವ್ವ ಕೊಟ್ಟ ಕಡಕ್ ಸಜ್ಜಿ ರೊಟ್ಟಿ ಮೂರು ದಿನದಾಗ ರವಾ ಆಗಿದ್ವು. ಶೇಂಗಾ ಹಿಂಡಿ ಕೂಡಿಸಿ ಮುಟಗಿ ಮುಟಗಿ ಮುಕ್ಕಿದ್ವಿ, ಎಳ್ಳು ಹಲ್ಲಿನ ಸಂದ್ಯಾಗ. ಅಮೀನಗಡದ ಕರದಂಟು ಚಳಿಗೆ ಹೆಂಚಿನ ತುಂಡಾಗಿತ್ತು. ಜಾಕೆಟ್ಟಿನ ಒಳಗ, ಬಗಲಾಗ ಹತ್ತ ನಿಮಿಷ ಇಟಗೊಂಡ ಮ್ಯಾಲ ಅಂಟು ಸಡ್ಲಾತು, ಹಲ್ಲಿಗೆ ಬಗ್ಗಿತು. ಗೈಡ್ ಭಾಯಿಗೆ ಒಂದ ತುಂಡು ಕೊಟ್ವಿ. ಪಾಪ, ಬಗಲಾಗಿಂದು ಅಂತ ಅಂವಗ ಹೇಳಲಿಲ್ಲ. ಪೂರ್ತಿ ತಿಂದು ಬೆರಳು ನೆಕ್ಕಿ ಇನ್ನೊಂದ ಕೇಳಿದ.

ಪಾಸಿನ ಮ್ಯಾಲ ಹತ್ತಿ ಹಿಂದ ಹೊಳ್ಳಿದೆ. ಎರಡೂ ಕೆರಿ ಒಮ್ಮೆಗೇ. ಕಿಶನ್‌ಸರ್ ಮ್ಯಾಲ, ವಿಶನ್‌ಸರ್ ಕೆಳಗ, ನಡುವ ಬಿಳೀ ದಾರದಂಥ ನೀರು. ಇಲ್ಲೆ ನಾನು ಏನೂ ಮಾತಾಡೂದಿಲ್ಲ, ಇಪ್ಪತ್ತ ಸೆಕೆಂಡ್ ಹಂಗ ಬಿಟ್ಟೇನಿ.

ಇಳಿಜಾರಿನ್ಯಾಗ ನನ್ನ ಎಡಗಾಲ ಬೂಟಿನ ಸೋಲ್ ಬಾಯಿ ತಗೀತು. ಹೊಸಾ ಬೂಟು, ಅಂಗಡಿಯಾಂವ "ಹಿಮಾಲಯಕ್ಕೂ ನಡೀತೈತಿ" ಅಂದಿದ್ದ. ಹಿಮಾಲಯಕ್ಕ ನಡೀತು, ಹೊಳ್ಳಿ ಬರೋದು ಅಂವ ಹೇಳಿರಲಿಲ್ಲ. ರೊಟ್ಟಿ ಗಂಟಿನ ಸುತಳಿ ಬಿಚ್ಚಿ ಅಣ್ಣ ಅಡ್ಡ ಉದ್ದ ಕಟ್ಟಿದ. ನಾರಾನಾಗದ ತನಕ ಅದ ಸುತಳಿ ಮ್ಯಾಲ ನಡದೇನಿ.

ಮಧ್ಯಾಹ್ನ ಗಡ್‌ಸರ್ ಕೆರಿ. ಕಾಶ್ಮೀರಿಯಾಗ ಗಾಡ್ ಅಂದ್ರ ಮೀನು. ದಂಡಿ ತುಂಬ ಹೂವು, ಹಳದಿ, ನೇರಳಿ, ಹೆಸರು ಕೇಳಬ್ಯಾಡ್ರಿ. ಕುರಿ ಮೇಯಿಸೋ ಬಕರ್ವಾಲ್ ಮಂದಿಯ ಕಲ್ಲಿನ ಗುಡಸಲದಾಗ ಉಪ್ಪಿನ ಚಾ ಕುಡದ್ವಿ. ಗುಲಾಬಿ ಬಣ್ಣ ನೋಡಿ ಸಿಹಿ ಅಂತ ಬಾಯಿ ತುಂಬ ಗುಟುಕರಿಸಿದ ಜಮಖಂಡಿ ಹುಡುಗನ ಮಾರಿ ಇದು, ನೋಡ್ರಿ. ಮುಂದ ಮಿಲಿಟರಿ ಕ್ಯಾಂಪಿನ್ಯಾಗ ಆಧಾರ್ ತೋರಿಸಿ ಹೆಸರು ಬರೆಸಿದ್ವಿ. ಏಳೂವರೆ ತಾಸಿನ ನಡಿಗಿ ಮುಗೀತು.

ಈ ವಿಡಿಯೋ ಎಡಿಟ್ ಮಾಡೂ ಮುಂದ ಅಪ್ಪ ಹಿಂದ ಬಂದು ಕುರ್ಚಿ ಹಾಕ್ಕೊಂಡು ಕುಂತ. ಗುಡ್ಡ ಬಂತು, ಹೂವು ಬಂತು, ಸುಮ್ನ ಇದ್ದ. ಪಾಸಿನ ಮ್ಯಾಲಿನ ಆ ಇಪ್ಪತ್ತ ಸೆಕೆಂಡ್ ಬಂದಾಗ "ನಿಲ್ಲಸು" ಅಂದ. ಕನ್ನಡಕ ಒರಸಿ ಹತ್ರ ಬಾಗಿದ.

"ಒಡ್ಡು ಇಲ್ಲ."

"ಇಲ್ಲಪ್ಪಾ."

"ನೀರು ಎಲ್ಲಿಗೆ ಹೊಕ್ಕೈತಿ?"

ಗುರೇಜ್ ಕಣಿವಿ ಕಡೆ, ಅಂದೆ. ಅಲ್ಲೆ ಕಿಶನ್‌ಗಂಗಾಕ್ಕ ಡ್ಯಾಂ ಐತಿ, 330 ಮೆಗಾವ್ಯಾಟ್ ಕರೆಂಟ್ ಮಾಡ್ತಾರ, 2018ರಾಗ ಉದ್ಘಾಟನೆ ಆಗೈತಿ.

ಅಪ್ಪ ಹೂಂ ಅಂದ. ಸ್ವಲ್ಪ ಹೊತ್ತು ಬಿಟ್ಟು, "ಮ್ಯಾಲಿಂದಷ್ಟ ಇನ್ನೊಮ್ಮೆ ಹಚ್ಚು" ಅಂದ.