ಯಾವ ತಿಂಗಳ ಬಲಿಷ್ಠರು?

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ 'ಋತುವಿನ ಅತಿ ಬಲಿಷ್ಠ ಯುರೋಪಿಯನ್ ಫುಟ್‌ಬಾಲ್ ಕ್ಲಬ್ ಯಾವುದು' ಎಂಬುದು. ಇನ್ನೂ ನಡೆಯುತ್ತಿರುವ ಋತುವಿನ ಬಗ್ಗೆ ಮಾತನಾಡಿದರೆ ಇವತ್ತು ಮಧ್ಯರಾತ್ರಿ ಹನ್ನೆರಡೂವರೆಯ ಪಂದ್ಯವೇ ನನ್ನ ಮಾತನ್ನು ಸುಳ್ಳು ಮಾಡಬಹುದು. ಹಾಗಾಗಿ ಪೂರ್ತಿ ಮುಗಿದು, ಲೆಕ್ಕವೆಲ್ಲ ಚುಕ್ತಾ ಆಗಿರುವ 2024–25ರ ಋತುವನ್ನು ಎತ್ತಿಕೊಳ್ಳುತ್ತೇನೆ. ಲೆಕ್ಕ ಚುಕ್ತಾ ಆದರೂ ಜಗಳ ಮುಗಿಯದ ಋತು ಅದು. ಸಭೆಯಲ್ಲಿ ಲಿವರ್‌ಪೂಲ್‌ನ ಕೆಂಪು ಜೆರ್ಸಿಗಳು ಕಾಣುತ್ತಿವೆ, ಬಾರ್ಸಿಲೋನಾದ ಪಟ್ಟೆಗಳೂ ಕಾಣುತ್ತಿವೆ. ಪ್ಯಾರಿಸ್ ಸೇಂಟ್ ಜರ್ಮೈನ್, ಅಂದರೆ ಪಿಎಸ್‌ಜಿ, ಅದರ ಜೆರ್ಸಿ ಒಂದೂ ಇಲ್ಲ. ಆದ್ದರಿಂದ ನನ್ನ ಉತ್ತರ ಯಾರಿಗೂ ಹಿಡಿಸುವುದಿಲ್ಲ ಎಂದು ಈಗಲೇ ಗೊತ್ತಾಗಿದೆ.

2024ರ ಆಗಸ್ಟ್‌ನಲ್ಲಿ ಯಾರನ್ನು ಕೇಳಿದ್ದರೂ ರಿಯಲ್ ಮ್ಯಾಡ್ರಿಡ್ ಎನ್ನುತ್ತಿದ್ದರು. ಯುರೋಪಿನ ದೊಡ್ಡ ಕ್ಲಬ್‌ಗಳೆಲ್ಲ ಸೆಣಸುವ ಚಾಂಪಿಯನ್ಸ್ ಲೀಗ್ ಟೂರ್ನಿಯನ್ನು ಆಗಷ್ಟೇ ಗೆದ್ದ ತಂಡ, ಅದರ ಮೇಲೆ ಕಿಲಿಯನ್ ಎಂಬಾಪೆ ಬೇರೆ ಬಂದು ಸೇರಿದ್ದರು. ಎಂಬಾಪೆಯನ್ನು ಕಳೆದುಕೊಂಡ ಪಿಎಸ್‌ಜಿಯ ಕತೆ ಅಲ್ಲಿಗೆ ಮುಗಿಯಿತು ಎಂದವರೇ ಹೆಚ್ಚು. ಸೆಪ್ಟೆಂಬರ್ ಬರುವ ಹೊತ್ತಿಗೆ ಕೆಲವರು ಮ್ಯಾಂಚೆಸ್ಟರ್ ಸಿಟಿ ಕಡೆ ಬೆರಳು ತೋರಿಸಿದರು. ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ಸತತ ನಾಲ್ಕು ಬಾರಿ ಗೆದ್ದವರಲ್ಲವೇ? ಆದರೆ ಅದೇ ತಿಂಗಳು ಆರ್ಸೆನಲ್ ವಿರುದ್ಧದ ಪಂದ್ಯದಲ್ಲಿ ರೋಡ್ರಿ ಮಂಡಿ ಹಿಡಿದುಕೊಂಡು ಕುಸಿದರು. ಮಿಡ್‌ಫೀಲ್ಡ್‌ನಲ್ಲಿ ಆ ಒಬ್ಬ ಆಟಗಾರ ಇಲ್ಲದ ಸಿಟಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಆಡಿದ 13 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು ಮಾತ್ರ.

ಆ ಹೊತ್ತಿಗೆ ಮಾತೆಲ್ಲ ಲಿವರ್‌ಪೂಲ್ ಕಡೆ ತಿರುಗಿತ್ತು, ತಿರುಗಬೇಕಾದದ್ದೇ. ಯುರ್ಗನ್ ಕ್ಲಾಪ್ ಹೋದ ಜಾಗಕ್ಕೆ ಬಂದ ಆರ್ನೆ ಸ್ಲಾಟ್ ಹೊಸಬರನ್ನು ರಾಶಿ ಹಾಕಿಕೊಳ್ಳಲಿಲ್ಲ, ಇದ್ದವರನ್ನೇ ಸ್ವಲ್ಪ ತಾಳ್ಮೆಯಿಂದ ಆಡಿಸಿದರು. ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಸೋತದ್ದು ಬಿಟ್ಟರೆ ಏಪ್ರಿಲ್‌ವರೆಗೆ ಲೀಗ್‌ನಲ್ಲಿ ಸೋಲೇ ಇಲ್ಲ. ರಿಯಲ್ ಮ್ಯಾಡ್ರಿಡನ್ನು 2–0, ಸಿಟಿಯನ್ನು ಎರಡು ಸಲವೂ 2–0, ಲೆವರ್ಕುಸೆನ್ ತಂಡವನ್ನು 4–0 ಅಂತರದಿಂದ ಮಣಿಸಿದರು. ಮೊಹಮ್ಮದ್ ಸಲಾ ಲೀಗ್‌ನಲ್ಲಿ 29 ಗೋಲು ಹೊಡೆದು 18ಕ್ಕೆ ನೆರವಾದರು. ಪ್ರೀಮಿಯರ್ ಲೀಗ್‌ನ 38 ಪಂದ್ಯಗಳ ಋತುವಿನಲ್ಲಿ ಗೋಲು ಮತ್ತು ನೆರವು ಸೇರಿ 47 ಮುಟ್ಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಅದೇ ಋತುವಿನಲ್ಲಿ ಚಾಂಪಿಯನ್ಸ್ ಲೀಗ್‌ನ ಮಾದರಿಯೂ ಬದಲಾಗಿತ್ತು. ಗುಂಪುಗಳು ಹೋಗಿ 36 ಕ್ಲಬ್‌ಗಳಿಗೆ ಒಂದೇ ಪಟ್ಟಿ ಬಂತು. ಪ್ರತಿ ತಂಡಕ್ಕೆ ಎಂಟು ಬೇರೆ ಬೇರೆ ಎದುರಾಳಿಗಳು. ಮೊದಲ ಎಂಟು ತಂಡಗಳು ನೇರವಾಗಿ ಪ್ರೀಕ್ವಾರ್ಟರ್ ಫೈನಲ್‌ಗೆ, ಒಂಬತ್ತರಿಂದ ಇಪ್ಪತ್ನಾಲ್ಕರವರೆಗಿನವು ಪ್ಲೇ-ಆಫ್‌ಗೆ. ಈ ಪಟ್ಟಿಯಲ್ಲಿ ಲಿವರ್‌ಪೂಲ್ 21 ಅಂಕಗಳೊಂದಿಗೆ ಮೊದಲು. ಪಿಎಸ್‌ಜಿ ಎಲ್ಲಿತ್ತು? ನವೆಂಬರ್ ಕೊನೆಯಲ್ಲಿ, ಐದು ಪಂದ್ಯಗಳಾದ ಮೇಲೆ, ನಾಲ್ಕೇ ನಾಲ್ಕು ಅಂಕ ಇಟ್ಟುಕೊಂಡು 25ನೇ ಸ್ಥಾನದಲ್ಲಿತ್ತು. ಅಂದರೆ ಹೊರಗೆ. ಆರ್ಸೆನಲ್, ಅಟ್ಲೆಟಿಕೊ ಮ್ಯಾಡ್ರಿಡ್, ಬೇಯರ್ನ್ ಮ್ಯೂನಿಕ್ ಮೂವರಿಗೂ ಸೋತಿತ್ತು. ಆ ದಿನ ಯಾರಾದರೂ ಎದ್ದು ನಿಂತು ಇವರೇ ಯುರೋಪಿನ ಚಾಂಪಿಯನ್ನರು ಎಂದಿದ್ದರೆ ನಾವೆಲ್ಲ ನಕ್ಕು ಕೂರಿಸುತ್ತಿದ್ದೆವು.

ನಾನು ಹೇಳಬೇಕೆಂದಿರುವುದು ಇಷ್ಟೇ. ಬಲ ಎನ್ನುವುದು ಇಡೀ ಋತುವಿನುದ್ದಕ್ಕೂ ಒಂದೇ ಕ್ಲಬ್‌ನ ಹತ್ತಿರ ಇರುವುದಿಲ್ಲ. ಅದಕ್ಕೆ ಆರಂಭದ ತಾರೀಖು ಇರುತ್ತದೆ, ಕೊನೆಯ ತಾರೀಖೂ ಇರುತ್ತದೆ. ಅಭಿಮಾನಿಗಳು ಕ್ಲಬ್ ಬಗ್ಗೆ ವಾದಿಸುತ್ತಿದ್ದೇವೆ ಎಂದುಕೊಂಡು ತಿಂಗಳುಗಳ ಬಗ್ಗೆ ವಾದಿಸುತ್ತಿರುತ್ತಾರೆ. ಒಬ್ಬ ಡಿಸೆಂಬರ್‌ನ ಲಿವರ್‌ಪೂಲನ್ನು ಮುಂದಿಡುತ್ತಾನೆ, ಇನ್ನೊಬ್ಬ ಮೇ ತಿಂಗಳ ಪಿಎಸ್‌ಜಿಯನ್ನು. ಇಬ್ಬರ ಮಾತೂ ನಿಜ. ತಾರೀಖು ಹೇಳದೆ ವಾದಕ್ಕಿಳಿದರೆ ಬೆಳಗಾದರೂ ಮುಗಿಯುವುದಿಲ್ಲ.

ಪಿಎಸ್‌ಜಿ ಬಲದ ಆರಂಭದ ತಾರೀಖು 2025ರ ಜನವರಿ 22. ಪ್ಯಾರಿಸ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಪಂದ್ಯ. ಎರಡೂ ತಂಡಗಳಿಗೆ ಟೂರ್ನಿಯಿಂದಲೇ ಹೊರಬೀಳುವ ಭಯ. ವಿರಾಮದ ನಂತರ ಸಿಟಿ ಮೂರೇ ನಿಮಿಷಗಳ ಅಂತರದಲ್ಲಿ ಎರಡು ಗೋಲು ಹೊಡೆದು 2–0 ಮುಂದಾಯಿತು. ಕೊನೆಗೆ ಫಲಿತಾಂಶ ಪಿಎಸ್‌ಜಿಗೆ 4–2. ಆ ಚಳಿಗಾಲದಲ್ಲಿ ಕೋಚ್ ಲೂಯಿಸ್ ಎನ್ರಿಕೆ ಒಂದು ಕೆಲಸ ಮಾಡಿದ್ದರು. ಅಂಚಿನಲ್ಲಿ ಓಡುತ್ತಿದ್ದ ಉಸ್ಮಾನ್ ಡೆಂಬೆಲೆಯನ್ನು ನಡುವಿಗೆ ತಂದು ನಿಲ್ಲಿಸಿದರು. ನಪೋಲಿಯಿಂದ ಕ್ವಾರಾತ್ಸ್‌ಖೇಲಿಯಾರನ್ನು ಕರೆತಂದು ಎಡ ಅಂಚಿನಲ್ಲಿ ಆಡಿಸಿದರು. ಗೋಲು ಹೊಡೆಯುವುದಕ್ಕೆ ಒಬ್ಬನನ್ನೇ ನೆಚ್ಚಿಕೊಂಡಿದ್ದ ತಂಡದಲ್ಲಿ ಈಗ ಎಲ್ಲರೂ ಚೆಂಡಿನ ಬೆನ್ನು ಹತ್ತತೊಡಗಿದರು.

ಆ ತಂಡ ಪಂದ್ಯ ಆರಂಭಿಸುತ್ತಿದ್ದ ರೀತಿಯನ್ನೇ ನೋಡಿ. ಸೀಟಿ ಊದಿದ ಕೂಡಲೇ ವಿತಿನ್ಯಾ ಚೆಂಡನ್ನು ಎದುರಾಳಿಯ ಮೂಲೆಯ ಹತ್ತಿರ ಬೇಕೆಂದೇ ಅಂಗಳದ ಹೊರಗೆ ಹೊಡೆಯುತ್ತಿದ್ದರು. ನೋಡಿದವರಿಗೆ ಇದೆಂಥ ಹುಚ್ಚು ಅನ್ನಿಸಬೇಕು, ಕೈಗೆ ಸಿಕ್ಕ ಚೆಂಡನ್ನು ಹೀಗೆ ಬಿಟ್ಟುಕೊಡುತ್ತಾರೆಯೇ ಎಂದು. ಲೆಕ್ಕಾಚಾರ ಬೇರೆಯೇ ಇತ್ತು. ಥ್ರೋ-ಇನ್ ಎದುರಾಳಿಗೆ ಸಿಗುತ್ತದೆ, ಆದರೆ ಅವರ ಗೋಲಿನ ಪಕ್ಕದಲ್ಲೇ ಸಿಗುತ್ತದೆ. ಅಷ್ಟರಲ್ಲಿ ಪಿಎಸ್‌ಜಿಯ ಆಟಗಾರರು ಅಲ್ಲಿಗೆ ನುಗ್ಗಿ ಸುತ್ತ ನಿಂತಿರುತ್ತಾರೆ. ಚೆಂಡು ನಿನ್ನದೇ, ಮನೆಬಾಗಿಲು ದಾಟಿ ಬಾ ನೋಡೋಣ ಎನ್ನುವ ಧಾಟಿ. ಎದುರಾಳಿ ಗೋಲ್‌ಕೀಪರ್ ಗೋಲ್‌ಕಿಕ್‌ಗೆ ಸಿದ್ಧನಾದಾಗ ಡೆಂಬೆಲೆ ಪೆನಾಲ್ಟಿ ಆವರಣದ ಗೆರೆಯ ಮೇಲೆ ಬಗ್ಗಿ ನಿಂತು, ಅವನ ಕಾಲನ್ನೇ ದಿಟ್ಟಿಸುತ್ತಿದ್ದರು. ಗೋಲು ಹೊಡೆಯುವುದಕ್ಕೆ ಹೆಸರಾದವನು ಓಟದ ಸ್ಪರ್ಧೆಗೆ ನಿಂತವನ ಹಾಗೆ ಚೆಂಡು ಕಸಿಯುವುದಕ್ಕೆ ಕಾಯುತ್ತಿದ್ದ. ತಂಡದ ಮುಖ್ಯ ಆಟಗಾರನೇ ಹೀಗೆ ದುಡಿಯುವಾಗ ಉಳಿದ ಹತ್ತು ಜನ ನಿಂತು ನೋಡುವ ಮಾತೇ ಇರಲಿಲ್ಲ.

ಈಗ ಮಾರ್ಚ್ 5ಕ್ಕೆ ಬರೋಣ. ಪಟ್ಟಿಯ ತುದಿಯಲ್ಲಿದ್ದ ಲಿವರ್‌ಪೂಲ್‌ಗೂ 15ನೇ ಸ್ಥಾನದಿಂದ ಪ್ಲೇ-ಆಫ್ ಆಡಿ ಬಂದ ಪಿಎಸ್‌ಜಿಗೂ ಪ್ರೀಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯ, ಪ್ಯಾರಿಸ್‌ನಲ್ಲಿ. ಪಿಎಸ್‌ಜಿ ಗೋಲಿನತ್ತ 27 ಸಲ ಒದೆಯಿತು, ಲಿವರ್‌ಪೂಲ್ ಎರಡೇ ಸಲ. ಗೆದ್ದದ್ದು ಲಿವರ್‌ಪೂಲ್! ಗೋಲ್‌ಕೀಪರ್ ಅಲಿಸನ್ ಒಂಬತ್ತು ಚೆಂಡುಗಳನ್ನು ತಡೆದರು. 86ನೇ ನಿಮಿಷದಲ್ಲಿ ಸಲಾ ಬದಲಿಗೆ ಹಾರ್ವಿ ಎಲಿಯಟ್ ಬಂದರು. ಅಲಿಸನ್ ಉದ್ದಕ್ಕೆ ಒದ್ದ ಚೆಂಡನ್ನು ಡಾರ್ವಿನ್ ನುನೆಸ್ ಹಿಡಿದಿಟ್ಟು ಪಕ್ಕಕ್ಕೆ ತಳ್ಳಿದರು, ಎಲಿಯಟ್ ಕಾಲಿಗೆ ಸಿಕ್ಕ ಮೊದಲ ಚೆಂಡೇ ಗೋಲು. ಆ ರಾತ್ರಿ ಲಿವರ್‌ಪೂಲ್ ಬಲಿಷ್ಠವಾಗಿತ್ತೇ? ಅಂಕಪಟ್ಟಿ ಹೌದು ಎನ್ನುತ್ತದೆ. ಪಂದ್ಯ ಕಂಡ ಲಿವರ್‌ಪೂಲ್ ಅಭಿಮಾನಿಯೂ ಹಾಗೆ ಹೇಳಲಾರ.

ಇಲ್ಲಿ ಜಗಳಕ್ಕೆ ಒಂದು ಹೊಸ ಆಯುಧ ಬರುತ್ತದೆ, ಅಭಿಮಾನಿಗಳು ಎಕ್ಸ್‌ಜಿ ಎನ್ನುವ ನಿರೀಕ್ಷಿತ ಗೋಲುಗಳ ಲೆಕ್ಕ. ಅಂಥದೇ ಜಾಗದಿಂದ, ಅಂಥದೇ ಸ್ಥಿತಿಯಲ್ಲಿ ಹಿಂದೆ ಒದ್ದ ಸಾವಿರಾರು ಚೆಂಡುಗಳಲ್ಲಿ ಎಷ್ಟು ಗೋಲಾದವು ಎಂದು ನೋಡಿ ಪ್ರತಿ ಒದೆತಕ್ಕೂ ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ ಸುಮಾರು ಮುಕ್ಕಾಲು ಗೋಲಿನ ಬೆಲೆ, ದೂರದ ಒದೆತಕ್ಕೆ ಚೂರುಪಾರು. ಸೋತವರಿಗೆ ಈ ಲೆಕ್ಕದ ಮೇಲೆ ಬಹಳ ಪ್ರೀತಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಅನುಕೂಲ. ಆದರೂ ಇದನ್ನು ತಳ್ಳಿಹಾಕಲಾಗದು. ಒಂದು ರಾತ್ರಿಯ ಮಟ್ಟಿಗೆ ಗೋಲ್‌ಕೀಪರ್ ಒಬ್ಬ ಅದನ್ನು ಸುಳ್ಳು ಮಾಡಬಹುದು, ಹತ್ತು ಪಂದ್ಯ ಸತತವಾಗಿ ಮಾಡಲಾರ. ಆರು ದಿನಗಳ ನಂತರ ಲಿವರ್‌ಪೂಲ್‌ನ ತವರು ಅಂಗಳ ಆನ್‌ಫೀಲ್ಡ್‌ನಲ್ಲಿ 12ನೇ ನಿಮಿಷಕ್ಕೇ ಡೆಂಬೆಲೆ ಗೋಲು ಹೊಡೆದರು. ಎರಡೂ ಪಂದ್ಯ ಸೇರಿ 1–1 ಸಮವಾಗಿ, ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿಗೆ ಹೋದಾಗ ಪಿಎಸ್‌ಜಿ ಗೋಲ್‌ಕೀಪರ್ ಡೊನ್ನರುಮ್ಮಾ ನುನೆಸ್ ಮತ್ತು ಕರ್ಟಿಸ್ ಜೋನ್ಸ್ ಇಬ್ಬರ ಹೊಡೆತವನ್ನೂ ತಡೆದರು. 4–1. ನನ್ನ ಮಟ್ಟಿಗೆ ಯುರೋಪಿನ ಬಲ ಕೈ ಬದಲಾಯಿಸಿದ ರಾತ್ರಿ ಅದು.

ಇನ್ನೊಂದು ವರಸೆಯೂ ಇದೆ, ಸರಪಳಿ ವಾದ. ಅವರನ್ನು ಇವರು ಸೋಲಿಸಿದರು, ಇವರನ್ನು ಮತ್ತೊಬ್ಬರು ಸೋಲಿಸಿದರು, ಹಾಗಾಗಿ ಮತ್ತೊಬ್ಬರೇ ಮೇಲು. ಸರಿ, ಇದನ್ನೇ ಹಿಡಿದು ಹೋಗೋಣ. ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಮಿಲಾನನ್ನು ಪಿಎಸ್‌ಜಿ ಸೋಲಿಸಿತು. ಪ್ಯಾರಿಸ್‌ನಲ್ಲಿ ಪಿಎಸ್‌ಜಿಯನ್ನು ಲಿವರ್‌ಪೂಲ್ ಸೋಲಿಸಿತ್ತು. ಫೆಬ್ರವರಿ 9ರಂದು ಎಫ್‌ಎ ಕಪ್‌ನಲ್ಲಿ ಲಿವರ್‌ಪೂಲನ್ನು 1–0ರಿಂದ ಸೋಲಿಸಿದ್ದು ಪ್ಲಿಮತ್ ಆರ್ಗೈಲ್. ಅಲ್ಲಿಗೆ ಯುರೋಪಿನ ಅತಿ ಬಲಿಷ್ಠ ಕ್ಲಬ್ ಪ್ಲಿಮತ್! ಆಗ ಅದು ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್‌ನ ತಳದಲ್ಲಿತ್ತು, ಋತು ಮುಗಿದಾಗ ಮೂರನೇ ದರ್ಜೆಗೆ ಇಳಿಯಿತು. ಸ್ಲಾಟ್ ಅವತ್ತು ಸಲಾ, ವ್ಯಾನ್ ಡೈಕ್ ಮೊದಲಾದವರಿಗೆ ವಿಶ್ರಾಂತಿ ಕೊಟ್ಟಿದ್ದರು ಎನ್ನುವುದನ್ನು ಸರಪಳಿ ವಾದಿಗಳು ಜಾಣತನದಿಂದ ಮರೆಯುತ್ತಾರೆ.

ಪಿಎಸ್‌ಜಿಯನ್ನು ಒಪ್ಪದವರ ಮುಖ್ಯ ಆಕ್ಷೇಪ ಫ್ರಾನ್ಸ್‌ನ ಲೀಗ್ ಹಗುರ ಎನ್ನುವುದು. ಇಂಗ್ಲಿಷ್ ಅಭಿಮಾನಿಗಳು ಅದನ್ನು 'ರೈತರ ಲೀಗ್' ಎಂದು ಹಂಗಿಸುತ್ತಾರೆ. ರೈತನ ಹೆಸರು ಬೈಗುಳವಾಗುವುದು ಹೇಗೋ ನನಗೆ ಅರ್ಥವಾಗಿಲ್ಲ, ಅದು ಹಾಗಿರಲಿ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಪಿಎಸ್‌ಜಿ ತನ್ನ ಲೀಗ್‌ನಲ್ಲಿ 84 ಅಂಕ ಗಳಿಸಿತು, ಲಿವರ್‌ಪೂಲ್ ತನ್ನದರಲ್ಲಿ ಗಳಿಸಿದ್ದೂ 84. ಆದರೆ ಪಿಎಸ್‌ಜಿ ಆಡಿದ್ದು 34 ಪಂದ್ಯ, ಲಿವರ್‌ಪೂಲ್ 38. ಇಂಗ್ಲೆಂಡಿನಲ್ಲಿ ಎರಡು ದೇಶೀಯ ಕಪ್, ಫ್ರಾನ್ಸ್‌ನಲ್ಲಿ ಈಗ ಒಂದೇ. ಏಪ್ರಿಲ್ 5ರಂದೇ, ಇನ್ನೂ ಆರು ಪಂದ್ಯ ಬಾಕಿ ಇರುವಾಗ, ಪಿಎಸ್‌ಜಿ ಲೀಗ್ ಗೆದ್ದಾಗಿತ್ತು. ಆಮೇಲೆ ಬೇಕಾದವರನ್ನು ಬೇಕಾದಾಗ ಕೂರಿಸಿ ಆಡಿಸಲು ಎನ್ರಿಕೆಗೆ ಅಡ್ಡಿ ಇರಲಿಲ್ಲ. ಲಿವರ್‌ಪೂಲ್‌ನ ಸಲಾ ಲೀಗ್‌ನ 38 ಪಂದ್ಯಗಳಲ್ಲೂ ಆಡಿದರು. ಮಾರ್ಚ್‌ನಲ್ಲಿ ಲಿವರ್‌ಪೂಲ್ ಕಾಲುಗಳು ಸೋತದ್ದಕ್ಕೆ, ಪ್ಯಾರಿಸ್ ಕೈಯಲ್ಲಿ ಹೊರಬಿದ್ದ ವಾರವೇ ನ್ಯೂಕ್ಯಾಸಲ್ ವಿರುದ್ಧ ಲೀಗ್ ಕಪ್ ಫೈನಲ್ ಕಳೆದುಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಅಂದಾಜು.

ಇನ್ನರ್ಧ ಸತ್ಯವನ್ನೂ ಹೇಳಬೇಕಲ್ಲ. ಆ ಹಗುರದ ಲೀಗ್‌ನಿಂದ ಬಂದ ತಂಡ ಒಂದೇ ಟೂರ್ನಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಮಣಿಸಿತು, ಲಿವರ್‌ಪೂಲನ್ನು ಹೊರದಬ್ಬಿತು, ಆಸ್ಟನ್ ವಿಲ್ಲಾವನ್ನು ದಾಟಿತು, ಸೆಮಿಫೈನಲ್‌ನಲ್ಲಿ ಆರ್ಸೆನಲ್‌ ವಿರುದ್ಧ ಎರಡೂ ಪಂದ್ಯ ಗೆದ್ದಿತು. ಎನ್ರಿಕೆ ಆಮೇಲೆ ನಾವು ರೈತರ ಲೀಗ್‌ನವರಲ್ಲವೇ ಎಂದು ನಗುತ್ತಲೇ ಕುಟುಕಿದರು. ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ವಿರುದ್ಧ 5–0. ಚಾಂಪಿಯನ್ಸ್ ಲೀಗ್‌ನಲ್ಲಾಗಲಿ, ಅದಕ್ಕೆ ಮೊದಲಿನ ಯುರೋಪಿಯನ್ ಕಪ್‌ನಲ್ಲಾಗಲಿ, ಇಷ್ಟು ದೊಡ್ಡ ಅಂತರದ ಫೈನಲ್ ಇನ್ನೊಂದಿಲ್ಲ. ಮೊದಲ ಗೋಲು ಹೊಡೆದ ಹಕಿಮಿ ತಮ್ಮ ಹಳೆಯ ಕ್ಲಬ್‌ನ ಅಭಿಮಾನಿಗಳತ್ತ ಕೈ ಎತ್ತಿ ಕ್ಷಮೆ ಕೇಳಿದರು. ಎರಡು ಗೋಲು ಹೊಡೆದ ದೆಸಿರೆ ದುವೆಗೆ ಇನ್ನೂ 20 ತುಂಬಿರಲಿಲ್ಲ.

ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಕ್ಲಬ್‌ಗಳಿಗೆ ಕೊಡುವ ಗುಣಾಂಕ ತೆರೆದು ತೋರಿಸುವವರೂ ಇದ್ದಾರೆ. ಅದು ಐದು ವರ್ಷಗಳ ಮೊತ್ತ, ಡ್ರಾ ಎತ್ತುವುದಕ್ಕೆ ಸರಿ, ನಮ್ಮ ಪ್ರಶ್ನೆಗೆ ಅದರಿಂದ ಉಪಯೋಗವಿಲ್ಲ. ಚೆಸ್‌ಗಾಗಿ ಅರ್ಪಾದ್ ಎಲೊ ರೂಪಿಸಿದ ರೇಟಿಂಗನ್ನು ಫುಟ್‌ಬಾಲ್‌ಗೂ ಹೊಂದಿಸಿದ್ದಾರೆ, ಅದು ಹೆಚ್ಚು ಪ್ರಾಮಾಣಿಕ. ಬಲವುಳ್ಳವರನ್ನು ಸೋಲಿಸಿದರೆ ಹೆಚ್ಚು ಅಂಕ, ಪ್ರತಿ ಪಂದ್ಯಕ್ಕೂ ಸಂಖ್ಯೆ ಏರಿಳಿಯುತ್ತದೆ. ಅಂದರೆ ಅದಕ್ಕೂ ತಾರೀಖು ಬೇಕು.

ಬಾರ್ಸಿಲೋನಾದವರು ಆಗಲೇ ಸೀಟಿನಲ್ಲಿ ಮುಂದೆ ಸರಿದು ಕೂತಿದ್ದೀರಿ. ನಿಮ್ಮ ದೂರು ಗೊತ್ತು. ಸ್ಪೇನ್‌ನ ಲೀಗ್ ಲಾ ಲಿಗಾದಲ್ಲಿ 102 ಗೋಲು. ರಿಯಲ್ ಮ್ಯಾಡ್ರಿಡ್ ವಿರುದ್ಧ ನಾಲ್ಕಕ್ಕೆ ನಾಲ್ಕೂ ಗೆಲುವು, ಅವುಗಳಲ್ಲಿ 16 ಗೋಲು. ನೋಡಲು ನನಗೂ ಆ ವರ್ಷ ಅತ್ಯಂತ ಖುಷಿ ಕೊಟ್ಟದ್ದು ಹಾನ್ಸಿ ಫ್ಲಿಕ್ ತಂಡವೇ, ಅದರಲ್ಲೂ ಹದಿನೇಳರ ಲಮೀನ್ ಯಮಾಲ್. ಮಿಲಾನ್‌ನಲ್ಲಿ ಇಂಟರ್ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ, 3–2 ಮುನ್ನಡೆ, ಯಮಾಲ್ ಒದ್ದ ಚೆಂಡು ಗೋಲುಕಂಬಕ್ಕೆ ಬಡಿಯಿತು. ಮರುಕ್ಷಣ, 93ನೇ ನಿಮಿಷದಲ್ಲಿ, ಇಂಟರ್‌ನ 37 ವರ್ಷದ ಡಿಫೆಂಡರ್ ಅಚೆರ್ಬಿ ಎದುರು ಗೋಲಿನ ಮುಂದೆ ಪ್ರತ್ಯಕ್ಷರಾಗಿ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಇಂಟರ್‌ನ ಫ್ರತ್ತೇಸಿ ಮುಗಿಸಿದರು, ಎರಡೂ ಪಂದ್ಯ ಸೇರಿ ಒಟ್ಟು 7–6. ಕಂಬ ಅಡ್ಡ ಬರದಿದ್ದರೆ ಎನ್ನುತ್ತೀರಿ. ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು. ಆದರೆ ತನ್ನ ಗೋಲು ಬಿಟ್ಟು ಅಷ್ಟು ಮುಂದೆ ಗೆರೆ ಎಳೆದು ನಿಲ್ಲುವ ರಕ್ಷಣಾಪಂಕ್ತಿ ಎರಡು ಪಂದ್ಯಗಳಲ್ಲಿ ಏಳು ಗೋಲು ಬಿಟ್ಟುಕೊಟ್ಟದ್ದು ಕಂಬದ ತಪ್ಪಲ್ಲ.

ಹಾಗಾಗಿ ನನ್ನ ಉತ್ತರ: ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಲಿವರ್‌ಪೂಲ್, ಮಾರ್ಚ್‌ನಿಂದ ಮೇ ಕೊನೆಯವರೆಗೆ ಪಿಎಸ್‌ಜಿ. ಎರಡರಲ್ಲಿ ಒಂದನ್ನೇ ಹೇಳಿ ಎಂದರೆ ಪಿಎಸ್‌ಜಿ, ಏಕೆಂದರೆ ಅದರ ಬಲ ಬಂದದ್ದು ಎಲ್ಲರೂ ಪೂರ್ತಿ ತಂಡ ಕಟ್ಟಿಕೊಂಡು ಆಡುವ ತಿಂಗಳುಗಳಲ್ಲಿ. ಇದು ಗೆದ್ದೆತ್ತಿನ ಬಾಲ ಹಿಡಿಯುವ ಮಾತು ಎಂದು ಯಾರಾದರೂ ಹೇಳಿದರೆ ಆನ್‌ಫೀಲ್ಡ್ ಪಂದ್ಯವನ್ನು ಮತ್ತೆ ನೋಡಲಿ.

ಜುಲೈ ತಿಂಗಳ ಮಾತು ಬೇಕೆಂದೇ ಬಿಟ್ಟಿದ್ದೆ. ಜುಲೈ 13ರಂದು ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ, ತಮ್ಮ ಲೀಗ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿದ್ದ ಚೆಲ್ಸಿ ಇದೇ ಪಿಎಸ್‌ಜಿಯನ್ನು ಮೊದಲಾರ್ಧದಲ್ಲೇ ಮೂರು ಗೋಲು ಹೊಡೆದು 3–0ರಿಂದ ಸೋಲಿಸಿತು. ಮೂರನೇ ಗೋಲು ಹೊಡೆದ ಜೊವಾವೊ ಪೆಡ್ರೊ ಆ ಕ್ಲಬ್ ಸೇರಿದ್ದೇ ಅದೇ ತಿಂಗಳು. ಅದು ಯಾವ ಋತುವಿನ ಪಂದ್ಯ, ಮುಗಿದದ್ದರದೋ ಬರುವುದರದೋ? ಚೆಲ್ಸಿ ಅಭಿಮಾನಿಗಳು ಯಾರಾದರೂ ಇದ್ದರೆ ಪ್ರಶ್ನೋತ್ತರವನ್ನು ಅಲ್ಲಿಂದಲೇ ಆರಂಭಿಸೋಣ, ಮೈಕ್ ಆ ಕಡೆಗೆ ಕೊಡಿ.